ಮುರಿಗೆಪ್ಪನವರು ಲೆನ್ಸ್ ಆರಿಸಿದ್ದು

ಬ್ಯಾಡಗಿಯಲ್ಲಿ ಒಬ್ಬ ಸಿರಿವಂತರಿದ್ದರು. ನೋಡಿ, ಸಿರಿವಂತರು ಎಂದ ಕೂಡಲೇ ಹಿಂದೆ ಕುಳಿತವರೆಲ್ಲ ಮುಂದಿನ ಸಾಲಿನ ಕಡೆ ನೋಡಿದಿರಿ! ಅವರು ಇವತ್ತು ಪ್ರವಚನಕ್ಕೆ ಬಂದಿಲ್ಲ. ನಿಶ್ಚಿಂತೆಯಿಂದ ಕೇಳಿ.

ಅವರ ಹೆಸರು ಮುರಿಗೆಪ್ಪ ಶೆಟ್ಟರ. ಮೆಣಸಿನಕಾಯಿ ವ್ಯಾಪಾರ. ಮಾರುಕಟ್ಟೆಯ ಅಂಗಳದಲ್ಲಿ ಚೀಲಗಳು ಬಾಯಿ ತೆರೆದು ಸಾಲುಸಾಲಾಗಿ ನಿಂತಿರುತ್ತವಲ್ಲ, ಅವುಗಳ ನಡುವೆ ಅವರು ನಡೆದು ಹೋಗುವುದನ್ನು ನೋಡಬೇಕಿತ್ತು. ಒಂದು ಚೀಲಕ್ಕೆ ಕೈ ಹಾಕುವರು, ನಾಲ್ಕು ಕಾಯಿ ಎತ್ತುವರು, ಒಂದನ್ನು ಮುರಿಯುವರು, ಮೂಗಿನ ಹತ್ತಿರ ಹಿಡಿಯುವರು, ಮುಂದಿನ ಚೀಲಕ್ಕೆ ಹೋಗುವರು. ಇದು ದಪ್ಪನೆಯ ಡಬ್ಬಿ ತಳಿ, ಇದು ಸಪೂರ ಕಡ್ಡಿ ತಳಿ, ಇದಕ್ಕೆ ತೂಕ ಬರಲಿ ಅಂತ ನೀರು ಹೊಡೆದಿದ್ದಾರೆ. ಎಲ್ಲ ಒಂದು ಗಳಿಗೆಯಲ್ಲಿ. ನಲವತ್ತು ವರ್ಷ ಹಾಗೆ ಆರಿಸಿದರು. ಒಮ್ಮೆ ಆರಿಸಿದ ಮೇಲೆ ತಿರುಗಿ ನೋಡಿದವರಲ್ಲ.

ಅರವತ್ತು ತುಂಬಿತು. ಅಂಗಡಿಯನ್ನು ಮಗನ ಕೈಗೆ ಕೊಟ್ಟರು. ಮಗ ಮಗಳು ಇಬ್ಬರೂ ಸೇರಿ ಅಪ್ಪನಿಗೆ ಒಂದು ಕ್ಯಾಮೆರಾ ತಂದುಕೊಟ್ಟರು. ಫೋನಿನೊಳಗಿನ ಕ್ಯಾಮೆರಾ ಅಲ್ಲ. ಕೊರಳಿಗೆ ಹಾಕಿಕೊಳ್ಳುವ, ಮುಂದೆ ಲೆನ್ಸ್ ತಿರುಗಿಸಿ ಕೂಡಿಸುವ ದೊಡ್ಡ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ. ಯಾಕೆಂದರೆ ಅಪ್ಪನಿಗೆ ಹುಡುಗನಾಗಿದ್ದಾಗಿನಿಂದ ಒಂದು ಆಸೆ ಇತ್ತು. ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಜಿಗಿಯುತ್ತವಲ್ಲ, ಅವುಗಳ ಫೋಟೋ ತಾನೇ ತೆಗೆಯಬೇಕು ಅಂತ. ಒಳ್ಳೆಯ ಆಸೆ. ಯಾರಿಗೂ ಕೆಡುಕಿಲ್ಲದ ಆಸೆ.

ಕ್ಯಾಮೆರಾದ ಜೊತೆ ಒಂದು ಸಣ್ಣ ಲೆನ್ಸ್ ಬಂದಿತ್ತು. ಮಗಳು ಹೇಳಿದಳು, "ಅಪ್ಪಾ, ಮೊದಲ ಇದರಾಗ ಕಲೀರಿ." ಮುರಿಗೆಪ್ಪನವರು ಅದನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಇದು ಕಲಿಯೋ ಹುಡುಗ್ರಿಗೆ ಕೊಡೋದವಾ. ನಾ ಒಂದು ಚಲೋದು ಆರಿಸ್ತೇನಿ" ಎಂದರು.

ಅಲ್ಲಿ ಶುರುವಾಯಿತು ನೋಡಿ.

ಈ ಲೆನ್ಸಿನ ವಿಚಾರ ನನಗೂ ಗೊತ್ತಿರಲಿಲ್ಲ. ತಿಳಿದವರನ್ನು ಕೇಳಿ ತಿಳಿದುಕೊಂಡೆ. ಲೆನ್ಸ್‌ಗಳಿಗೆ ಅಂಕಿಗಳಿರುತ್ತವೆ. ಹದಿನೆಂಟು ಎಂದರೆ ಇಡೀ ಮದುವೆ ಚಪ್ಪರ ಒಂದೇ ಚಿತ್ರದಲ್ಲಿ ಬಂದು ಕೂಡುತ್ತದೆ. ಮುನ್ನೂರು ಎಂದರೆ ಹೊಲದ ಆಚೆ ಬದುವಿನಲ್ಲಿ ಕುಳಿತ ಹಕ್ಕಿಯ ಕಣ್ಣು ಕಾಣುತ್ತದೆ. ಹತ್ತಿರಕ್ಕೊಂದು, ದೂರಕ್ಕೊಂದು ಬೇರೆ ಬೇರೆ ಲೆನ್ಸ್ ಇಟ್ಟುಕೊಂಡು ಬೇಕಾದಾಗ ಬದಲಾಯಿಸುವವರು ಇದ್ದಾರೆ. ಹದಿನೆಂಟರಿಂದ ಮುನ್ನೂರರವರೆಗೂ ಒಂದೇ ಕೊಳವೆಯೊಳಗೆ ಇರುವ ಲೆನ್ಸೂ ಸಿಗುತ್ತದೆ. ಬಳೆಯಂಥ ಪಟ್ಟಿಯನ್ನು ತಿರುವಿದರೆ ಆಯಿತು, ದೂರದ್ದು ಹತ್ತಿರ ಬರುತ್ತದೆ. ಮುರಿಗೆಪ್ಪನವರಿಗೆ ಇದೇ ಬೇಕಿತ್ತು. ಕಾರಣವೂ ಸರಿಯಾಗಿತ್ತು. ಬ್ಯಾಡಗಿಯ ಗಾಳಿಯಲ್ಲಿ ಮೆಣಸಿನಕಾಯಿಯ ಸಣ್ಣ ಪುಡಿ ಹಾರುತ್ತಲೇ ಇರುತ್ತದೆ. ಲೆನ್ಸ್ ಬದಲಿಸಲು ಕ್ಯಾಮೆರಾದ ಬಾಯಿ ತೆರೆದರೆ ಆ ಕೆಂಪು ಧೂಳು ಒಳಗೆ ಹೋಗಿ ಕೂಡುತ್ತದೆ. ಒಂದೇ ಲೆನ್ಸ್ ಇದ್ದರೆ ತೆರೆಯುವ ಮಾತೇ ಇಲ್ಲ.

ಹಾಗಾದರೆ ಒಂದನ್ನು ತಂದುಬಿಡಬಹುದಿತ್ತಲ್ಲ? ತರಲಿಲ್ಲ!

ಇನ್ನೂರರವರೆಗೆ ಹೋಗುವ ಲೆನ್ಸನ್ನು ನೋಡಿದರು. ಚಿತ್ರ ನಿಚ್ಚಳ, ಆದರೆ ಚಿಗರಿ ದೂರ ನಿಂತರೆ ಸಾಲದು. ಮುನ್ನೂರರವರೆಗೆ ಹೋಗುವುದನ್ನು ನೋಡಿದರು. ದೂರ ಹೋಗುತ್ತದೆ, ಆದರೆ ಕಟ್ಟಕಡೆಯಲ್ಲಿ ಚಿತ್ರ ಸ್ವಲ್ಪ ಮಂಕು. ಇನ್ನೊಂದು ಕಂಪನಿಯದು ಹಗುರ, ಆದರೆ ಬೆಳಕು ಕಡಿಮೆ ಇದ್ದಾಗ ತಡವರಿಸುತ್ತದೆ. ಮತ್ತೊಂದು ಎಲ್ಲದರಲ್ಲೂ ಒಳ್ಳೆಯದು, ಆದರೆ ಕಲ್ಲಿನ ಹಾಗೆ ಭಾರ. ಬೆಳಿಗ್ಗೆ ಎದ್ದು ಫೋನಿನಲ್ಲಿ ಯಾರದೋ ವಿಡಿಯೋ ನೋಡುವರು. ಇದೇ ಸರಿ ಅನಿಸುವುದು. ಮಧ್ಯಾಹ್ನ ಇನ್ನೊಬ್ಬರ ವಿಡಿಯೋ ನೋಡುವರು; ಛೆ, ಅದು ಬೇಡ ಅನಿಸುವುದು. ದಾವಣಗೆರೆಯ ಒಬ್ಬರನ್ನು ಕೇಳಿದರು, ಶಿರಸಿಯ ಒಬ್ಬರನ್ನು ಕೇಳಿದರು. ಹುಬ್ಬಳ್ಳಿಯ ಕ್ಯಾಮೆರಾ ಅಂಗಡಿಗೆ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದರು. ಮೂರನೆಯ ಸಲ ಎಲ್ಲ ಮುಗಿದು ಇನ್ನೇನು ತೆಗೆದುಕೊಳ್ಳಬೇಕು ಅನ್ನುವಾಗ ಪಕ್ಕದಲ್ಲಿ ನಿಂತ ಗಿರಾಕಿಯೊಬ್ಬ, "ಮುಂದಿನ ವರ್ಷ ಇದರಾಗ ಹೊಸಾದು ಬರತೈತಂತ್ರೀ" ಅಂದ. ಮುಗಿಯಿತು. ಕೈ ಹಿಂದೆ ಬಂತು.

ಹತ್ತು ತಿಂಗಳು, ನೋಡಿ. ಹತ್ತು ತಿಂಗಳು ಆ ಕ್ಯಾಮೆರಾ ಕಪಾಟಿನಲ್ಲಿ, ಅದರ ಪೆಟ್ಟಿಗೆಯಲ್ಲಿ, ಮೇಲೊಂದು ಹಳೆಯ ರೇಷ್ಮೆ ಸೀರೆಯ ತುಂಡು ಹೊದ್ದುಕೊಂಡು ಮಲಗಿತ್ತು. ಅವರ ಹೆಂಡತಿ ದಾನಮ್ಮ ಒಂದು ದಿನ ಅಂದರು, "ಗುಡಿಯಾಗಿನ ಉತ್ಸವಮೂರ್ತಿನಾದರೂ ವರ್ಷಕ್ಕೊಮ್ಮೆ ಹೊರಗ ಬರತೈತ್ರೀ. ನಿಮ್ಮ ಕ್ಯಾಮೆರಾಕ್ಕ ಆ ಯೋಗಾನೂ ಇಲ್ಲ."

ನೀವು ನಗುತ್ತೀರಿ. ನಗಿ. ಮುಂದೆ ಕೇಳಿ.

ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಮುರಿಗೆಪ್ಪನವರ ಅಕ್ಕ, ಸಾವಂತ್ರವ್ವ. ಎಪ್ಪತ್ತೆರಡು ವರ್ಷ. ಮುರಿಗೆಪ್ಪನವರಿಗೆ ಮೂರು ವರ್ಷವಿದ್ದಾಗ ತಾಯಿ ತೀರಿಕೊಂಡರು. ಆಗ ಈ ಅಕ್ಕನಿಗೆ ಹದಿನೈದು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು, ಇಲ್ಲೇ ಉಳಿದಳು. ಆ ಕಾಲದಲ್ಲಿ ಅಂಥವಳು ನಾಲ್ಕು ಜನರ ಎದುರು ಬಾಯಿಬಿಟ್ಟು ನಗುವ ಹಾಗಿರಲಿಲ್ಲ. ಯಾರು ಮಾಡಿದ ಕಟ್ಟಳೆಯೋ! ಮನೆಯ ಎಲ್ಲ ಗುಂಪಿನ ಫೋಟೋಗಳಲ್ಲೂ ಹಿಂದಿನ ಸಾಲಿನಲ್ಲಿ, ಬಾಯಿ ಮುಚ್ಚಿಕೊಂಡು ನಿಂತವಳು ಸಾವಂತ್ರವ್ವ. ಆಧಾರ್ ಕಾರ್ಡಿಗೆ ಫೋಟೋ ತೆಗೆಯುವಾಗ ಹೇಗೋ ಸ್ವಲ್ಪ ನಗು ಬಂದಿತ್ತಂತೆ. ಅಲ್ಲಿ ಕುಳಿತ ಹುಡುಗಿ, "ಅಜ್ಜಿ, ನಗಬ್ಯಾಡ್ರಿ" ಅಂದಳಂತೆ.

ಆದರೆ ಮನೆಯೊಳಗೆ ಸಾವಂತ್ರವ್ವ ನಕ್ಕರೆ ಓಣಿಗೆ ಕೇಳುತ್ತಿತ್ತು. ಹಲ್ಲುಗಳೋ, ಜೋಳದ ತೆನೆಯಲ್ಲಿ ಕಾಳು ಕೂಡಿಸಿದ ಹಾಗೆ. ಅರವತ್ತೈದರವರೆಗೂ ಕಬ್ಬನ್ನು ಹಲ್ಲಿನಿಂದಲೇ ಸಿಗಿದು ತಿಂದವಳು. ಈಗ ವಸಡಿಗೆ ರೋಗ ಬಂದು ಒಂದೊಂದೇ ಅಲುಗಾಡತೊಡಗಿದವು. ಹಾವೇರಿಯ ಹಲ್ಲಿನ ಡಾಕ್ಟರಮ್ಮ ನೋಡಿ, ಎಲ್ಲವನ್ನೂ ತೆಗೆಯಲೇಬೇಕು, ಮೊದಲು ಕೆಳಗಿನವು, ಮೂರು ವಾರದ ನಂತರ ಮೇಲಿನವು, ಆಮೇಲೆ ಕಟ್ಟಿಸಿದ ಹಲ್ಲು ಎಂದು ಹೇಳಿ ದಿನ ಗೊತ್ತುಮಾಡಿ ಕಳಿಸಿದರು.

ಮನೆಗೆ ಬಂದು ಸಾವಂತ್ರವ್ವ ತಮ್ಮನ ಎದುರು ಕುಳಿತಳು. "ತಮ್ಮಾ, ನನ್ನ ಹಲ್ಲು ನನ್ನ ಬಾಯಾಗ ಇರೋತನಕ ನಂದೊಂದು ಫೋಟೋ ತಗಿ. ನಗೋ ಫೋಟೋ. ಎಪ್ಪತ್ತು ವರ್ಷದಾಗ ಒಂದೂ ಇಲ್ಲ ನೋಡು."

ಏನು ಕೇಳಿದಳು ಆ ತಾಯಿ? ಹೊಲ ಕೇಳಿದಳೇ, ಬಂಗಾರ ಕೇಳಿದಳೇ?

"ತಗೀತೇನಿ ಅಕ್ಕಾ," ಅಂದರು ಮುರಿಗೆಪ್ಪ. "ತಗದೇ ತಗೀತೇನಿ. ಲೆನ್ಸ್ ಒಂದು ಬರಲಿ."

"ಈಗ ಇರೋದು ಕುರುಡೇನು?"

"ಕುರುಡಲ್ಲ ಅಕ್ಕಾ. ನಿನ್ನ ಫೋಟೋ ಅಂದಮ್ಯಾಲ ಚಲೋ ಲೆನ್ಸಿನಾಗ ತಗೀಬೇಕು. ಹೆಂಗರ ತಗದು ಇಟ್ರ ನನಗ ಸಮಾಧಾನ ಆಗಂಗಿಲ್ಲ."

ನೋಡಿ, ಈ ಮಾತಿನಲ್ಲಿ ಪ್ರೀತಿ ಇಲ್ಲವೇ? ಇದೆ. ಅದೇ ಕಷ್ಟ. ಪ್ರೀತಿ ಇಲ್ಲದವನು ಆಗುವುದಿಲ್ಲ ಎನ್ನುತ್ತಾನೆ, ಕೇಳಿದವರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ಪ್ರೀತಿ ಇದ್ದವನು ಚೆನ್ನಾಗಿ ಮಾಡೋಣ, ಆಮೇಲೆ ಮಾಡೋಣ ಎನ್ನುತ್ತಾನೆ. ಕೇಳಿದವರು ಕಾಯುತ್ತಾ ಕೂಡುತ್ತಾರೆ.

ಹಲ್ಲು ಕೀಳಿಸುವ ದಿನ ಬಂತು. ಬೆಳಿಗ್ಗೆ ಸಾವಂತ್ರವ್ವ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ಯಾಕೆ ಹಾಗೆ ಕುಳಿತಳು ಅಂತ ಮನೆಯಲ್ಲಿದ್ದವರಿಗೆಲ್ಲ ಗೊತ್ತು. ಮುರಿಗೆಪ್ಪನವರಿಗೂ ಗೊತ್ತು. ಅವರು ಕಪಾಟಿನವರೆಗೆ ಹೋದರು. ಪೆಟ್ಟಿಗೆ ಮುಟ್ಟಿದರು. ಸಣ್ಣ ಲೆನ್ಸ್ ನೆನಪಾಯಿತು. ಹೊರಗೆ ಮೋಡವೂ ಇತ್ತು. ವಾಪಸ್ಸು ಬಂದು, "ಇವತ್ತ ಬೆಳಕು ಸರಿ ಇಲ್ಲಕ್ಕಾ. ಮೇಲಿನ ಹಲ್ಲು ಇರ್ತಾವಲ್ಲ, ಮುಂದಿನ ವಾರ ಲೆನ್ಸ್ ಬಂದೇ ಬರತೈತಿ" ಎಂದರು.

ಸಾವಂತ್ರವ್ವ ಎದ್ದು ಚಪ್ಪಲಿ ಮೆಟ್ಟಿದಳು. "ಲೆನ್ಸ್ ಬರತೈತಿ," ಅಂದಳು, "ಹಲ್ಲು ಹೋಗ್ತಾವ. ನಡಿ."

ಹಾವೇರಿಯಲ್ಲಿ ಡಾಕ್ಟರಮ್ಮನ ಬಾಗಿಲ ಮುಂದೆ ಮೂವರೂ ಕುಳಿತಿದ್ದಾರೆ, ಅಕ್ಕ, ತಮ್ಮ, ದಾನಮ್ಮ. ಆಗಲೇ ಫೋನ್ ಬಂತು. ದಾವಣಗೆರೆಯವರು. "ನೀವು ಕೇಳಿದ್ದ ಮುನ್ನೂರರ ಲೆನ್ಸ್ ನಮ್ಮ ಗೆಳೆಯರ ಹತ್ತಿರ ಇದೆ, ಅವರ ಜೊತೆ ಮಾತಾಡಿ." ಮುರಿಗೆಪ್ಪ ಫೋನ್ ಹಿಡಿದು ಹೊರಗೆ ಬಂದರು. ರಸ್ತೆಯ ಬದಿಯ ಬೇವಿನ ಮರದ ಕೆಳಗೆ ನಿಂತು ಮಾತಾಡಿದರು. ಮಂಕಾಗುತ್ತದೆಯೇ? ಎಷ್ಟು ಮಂಕಾಗುತ್ತದೆ? ಸಂಜೆಯ ಬೆಳಕಿನಲ್ಲಿ ಹೇಗೆ? ಮುಕ್ಕಾಲು ಗಂಟೆ. ಒಳಗೆ ಬಂದು ನೋಡಿದರೆ ಅಕ್ಕನ ಕುರ್ಚಿ ಖಾಲಿ.

"ಒಳಗ ಕರದ್ರು," ಅಂದರು ದಾನಮ್ಮ. "ಹೋಗೋ ಮುಂದ ತಿರುಗಿ ನೋಡಿದ್ರು. ನೀವು ಹೊರಗಿದ್ರಿ."

ಸ್ವಲ್ಪ ಹೊತ್ತಿನ ಮೇಲೆ ಸಾವಂತ್ರವ್ವ ಬಂದಳು, ಬಾಯೊಳಗೆ ಹತ್ತಿ, ಬಾಯಿ ಮೇಲೆ ಸೆರಗು. ಕಾರಿನಲ್ಲಿ ಕುಳಿತಳು. ಕಿಟಕಿಯ ಹೊರಗೆ ನೋಡುತ್ತಾ ಕುಳಿತಳು. ಬೈಯಲಿಲ್ಲ. ಹಂಗಿಸಲಿಲ್ಲ. ಎಪ್ಪತ್ತು ವರ್ಷ ಒಂದು ಗಳಿಗೆಯೂ ಬಾಯಿ ಸುಮ್ಮನಿರದ ಅಕ್ಕ ಮಾತಿಲ್ಲದೆ ಕುಳಿತದ್ದನ್ನು ಮುರಿಗೆಪ್ಪನವರು ಮೊದಲ ಸಲ ನೋಡಿದರು. ಹತ್ತಿ ಕಚ್ಚಿದವಳು ಮಾತಾಡುವುದಾದರೂ ಹೇಗೆ ಅಂತ ತಮಗೆ ತಾವೇ ಹೇಳಿಕೊಂಡರು. ಆ ಸಮಾಧಾನ ನಡುದಾರಿಯ ಮೋಟೆಬೆನ್ನೂರಿನ ತನಕವೂ ಉಳಿಯಲಿಲ್ಲ. ದಾರಿ ಬದಿಯಲ್ಲಿ ಕಬ್ಬಿನ ಗಾಡಿಯೊಂದು ನಿಂತಿತ್ತು. ಅದನ್ನು ಕಂಡದ್ದೇ, ಅಕ್ಕ ಕಬ್ಬಿನ ಸಿಪ್ಪೆಯನ್ನು ಹಲ್ಲಿನಿಂದ ಸರ್ರನೆ ಎಳೆದು, ಮೆತ್ತನೆಯ ತುಂಡನ್ನು ಮಾತ್ರ ಪುಟ್ಟ ತಮ್ಮನ ಬಾಯಿಗೆ ಇಡುತ್ತಿದ್ದುದು ಅವರ ಕಣ್ಣ ಮುಂದೆ ಬಂತು. ಸಿಪ್ಪೆ ಅವಳಿಗೆ, ರಸ ತನಗೆ. ಅರವತ್ತು ವರ್ಷದ ಗಂಡಸು, ಊರಿಗೇ ಹಿರಿಯ, ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಟವೆಲಿನಿಂದ ಮೂಗು ಒರೆಸಿಕೊಂಡರು. ಬ್ಯಾಡಗಿಯವರು ಮೂಗು ಒರೆಸಿಕೊಂಡರೆ ಮೆಣಸಿನಕಾಯಿ ಘಾಟು ಅಂತ ತಿಳಿಯುತ್ತಾರೆ. ಅಷ್ಟು ಅನುಕೂಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹುಬ್ಬಳ್ಳಿಗೆ ಹೋದರು. ಅಂಗಡಿಯ ಹಿರಿಯರು ತುಳಜನಸಾ. ನಲವತ್ತು ವರ್ಷ ಮದುವೆಗಳ ಫೋಟೋ ತೆಗೆದು, ಮೊಣಕಾಲು ನೋಯಲು ಶುರುವಾದ ಮೇಲೆ ಅಂಗಡಿಯಲ್ಲಿ ಕುಳಿತವರು. ಇವರನ್ನು ಕಂಡು ಕುರ್ಚಿ ತೋರಿಸಿದರು. "ಬರ್ರಿ ಶೆಟ್ಟರ. ಚಹಾ ಕುಡಿಯೋಣು, ಲೆನ್ಸ್ ನೋಡೋಣು, ನೀವು ವಾಪಸ್ ಹೋಗ್ರಿ."

"ಇವತ್ತ ತಗೊಂಡೇ ಹೋಗಾಂವ್ರೀ."

"ಹೌದೇನ್ರೀ? ಹಂಗಾರ ನಾ ಒಂದು ಮಾತು ಕೇಳ್ತೇನಿ. ಮೂರು ಸಲ ಬಂದ್ರಿ, ಲೆನ್ಸಿನ ಬಗ್ಗೆ ನನಗಿಂತ ಹೆಚ್ಚು ತಿಳಕೊಂಡೀರಿ. ಆದ್ರ ಯಾರ ಫೋಟೋ ತಗೀತೀರಿ ಅಂತ ಒಂದು ಸಲನೂ ಹೇಳಲಿಲ್ಲ."

ಮುರಿಗೆಪ್ಪ ಚಿಗರಿ ಎನ್ನಲು ಬಾಯಿ ತೆರೆದರು. ಬಾಯಿಂದ ಬಂದದ್ದು ಬೇರೆ. "ನಮ್ಮಕ್ಕಂದ್ರೀ," ಅಂದರು.

ತುಳಜನಸಾ ಹಿಂದಿನ ಕಪಾಟಿನಿಂದ ಹದಿನೆಂಟರಿಂದ ಮುನ್ನೂರರವರೆಗಿನ ಒಂದು ಲೆನ್ಸ್ ತೆಗೆದು ಮೇಜಿನ ಮೇಲೆ ಇಟ್ಟರು. "ಇದು ಯಾವುದರಾಗೂ ಒಂದನೇ ನಂಬರ್ ಅಲ್ರೀ. ಖರೇ ಹೇಳ್ತೇನಿ. ದೂರಕ್ಕ ಇದಕ್ಕಿಂತ ಚಲೋದು ಐತಿ, ಹತ್ರಕ್ಕ ಇದಕ್ಕಿಂತ ಚಲೋದು ಐತಿ. ಆದ್ರ ಮದುಮಗಳು ತವರು ಬಿಡೋ ಮುಂದ ಅವ್ವನ ಕೊರಳಿಗೆ ಬೀಳ್ತಾಳ ನೋಡ್ರಿ, ಅದು ನಾಕು ಸೆಕೆಂಡಿನ ಮಾತು. ಆ ನಾಕು ಸೆಕೆಂಡಿನಾಗ ಯಾವ ಲೆನ್ಸ್ ಹಾಕ್ಲಿ ಅಂತ ಚೀಲ ಹುಡುಕಿದಾಂವ ಬರೇ ಚೀಲದ ಫೋಟೋ ತಗೀಬೇಕು. ನಾ ಹಂಗ ಭಾಳ ಕಳಕೊಂಡೇನಿ. ಕ್ಯಾಮೆರಾದ ಮ್ಯಾಲ ಯಾವುದು ಐತೋ ಅದ ದೊಡ್ಡ ಲೆನ್ಸ್ರೀ."

ಮುರಿಗೆಪ್ಪ ಅದನ್ನು ಎತ್ತಿ ಹಿಡಿದರು. ಹಳೆಯ ಚಟ. "ಕಡೀಕ ಸ್ವಲ್ಪ ಮಂಕು ಆಗತೈತಂತಲ್ರೀ?"

"ಆಗತೈತಿ," ಅಂದರು ತುಳಜನಸಾ. "ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮಿ. ಗುಂಟೂರಿನ ಮುಂದ ಏನೂ ಅಲ್ಲ. ಯಾರರ ಅದನ್ನ ಬ್ಯಾಡ ಅಂದಾರೇನ್ರೀ?"

ಮೆಣಸಿನಕಾಯಿ ವ್ಯಾಪಾರಿಗೆ ಮೆಣಸಿನಕಾಯಿಯ ಮಾತಿನಲ್ಲೇ ಹೇಳಿದಾಗ ತಲೆಯೊಳಗೆ ಬೆಳಕಾಯಿತು. ಬ್ಯಾಡಗಿ ಕಾಯಿಯನ್ನು ಕೊಳ್ಳುವುದು ಅದರ ಕೆಂಪು ಬಣ್ಣಕ್ಕೆ; ಬಣ್ಣ ಬೇಕಾದವರು ಖಾರ ಕಡಿಮೆ ಎಂದು ಅದನ್ನು ಕೆಳಗಿಡುವುದಿಲ್ಲ. ಏನಕ್ಕೆ ಬೇಕು ಎಂದು ತಿಳಿದವನಿಗೆ ಆರಿಸಲು ಒಂದು ಗಳಿಗೆ ಸಾಕು. ಹತ್ತು ತಿಂಗಳ ಲೆನ್ಸ್ ಹತ್ತು ನಿಮಿಷದಲ್ಲಿ ಕೈಚೀಲಕ್ಕೆ ಬಂತು.

ಆಯಿತಲ್ಲ, ಕಥೆ ಮುಗಿಯಿತಲ್ಲ ಅಂದುಕೊಂಡಿರಿ. ಇಲ್ಲ. ಮನೆಗೆ ಬಂದು ಕ್ಯಾಮೆರಾ ಹೊರತೆಗೆದು, ಲೆನ್ಸ್ ಕೂಡಿಸಿ, "ಅಕ್ಕಾ, ಬಾ" ಅಂದರೆ, ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ತಲೆ ಅಲ್ಲಾಡಿಸಿದಳು. "ಈಗ ಬ್ಯಾಡ. ಕೆಳಗ ಬಯಲಾಗೇತಿ. ನಾ ನಗಂಗಿಲ್ಲ."

ಬೇಡಿಕೊಂಡರು, ಇಲ್ಲ. ಹಾಸ್ಯ ಮಾಡಿದರು, ಇಲ್ಲ. ಮುರಿಗೆಪ್ಪನವರ ಹಾಸ್ಯಕ್ಕೆ ಹಲ್ಲಿದ್ದವರೂ ನಗುತ್ತಿರಲಿಲ್ಲ, ಅದು ಬೇರೆ ಮಾತು.

ಆಗ ಅವರು ಒಂದು ಕೆಲಸ ಮಾಡಿದರು. ಕ್ಯಾಮೆರಾವನ್ನು ಮತ್ತೆ ಪೆಟ್ಟಿಗೆಗೆ ಹಾಕಲಿಲ್ಲ. ಕೊರಳಿಗೆ ಹಾಕಿಕೊಂಡರು. ಬೆಳಿಗ್ಗೆ ಪೂಜೆ ಮುಗಿಸಿ ಎದ್ದರೆ ಕೊರಳಲ್ಲಿ ಕ್ಯಾಮೆರಾ, ಊಟಕ್ಕೆ ಕುಳಿತರೆ ಪಕ್ಕದಲ್ಲಿ ಕ್ಯಾಮೆರಾ. ಅಕ್ಕ ಎಂದಾದರೂ ಸೆರಗು ಮರೆತಾಳು ಅಂತ. ಸುಮ್ಮನೆ ಕೊರಳಲ್ಲಿ ಇದೆಯಲ್ಲ ಎಂದು ಬೇರೆಯದನ್ನೂ ತೆಗೆಯತೊಡಗಿದರು. ದಾನಮ್ಮ ರೊಟ್ಟಿ ಬಡಿಯುವಾಗ ಹಾರುವ ಹಿಟ್ಟು. ಅಂಗಡಿಯ ನೆರಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರು. ಅವರಲ್ಲಿ ಒಬ್ಬಳು, ಹದಿನೆಂಟು ವರ್ಷದಿಂದ ಇವರ ಅಂಗಡಿಯಲ್ಲೇ ದುಡಿದವಳು, ಬಟ್ಟೆ ಕೆಳಗೆ ಸರಿಸಿ, "ಸಾವ್ಕಾರ್ರ, ನಂದೂ ಒಂದು ತಗೀರಿ" ಅಂದಳು. ತೆಗೆದರು. ತೆಗೆಯುವಾಗ ಗೊತ್ತಾಯಿತು, ಇವಳ ಮುಖವನ್ನು ತಾವು ಇಷ್ಟು ವರ್ಷ ಪೂರ್ತಿಯಾಗಿ ನೋಡೇ ಇರಲಿಲ್ಲ ಅಂತ. ಗಲ್ಲದ ಮೇಲೆ ಹಚ್ಚೆಯ ಮೂರು ಚುಕ್ಕೆ ಇದ್ದವು. ಮರುದಿನ ಚಿತ್ರವನ್ನು ಕಾಗದದ ಮೇಲೆ ತೆಗೆಸಿ ಕೊಟ್ಟರು. ಅವಳು ಅದನ್ನು ಹಣೆಗೆ ಒತ್ತಿಕೊಂಡು ಕುಪ್ಪಸದೊಳಗೆ ಇಟ್ಟುಕೊಂಡಳು.

ಚಿತ್ರಗಳು ಹೇಗಿದ್ದವು? ಕೆಟ್ಟದಾಗಿದ್ದವು! ಕೆಲವು ಅಲುಗಿದ್ದವು, ಕೆಲವುಗಳಲ್ಲಿ ತಲೆ ತುಂಡಾಗಿತ್ತು. ಆದರೆ ಮುರಿಗೆಪ್ಪನವರ ಮುಖ ನೋಡಬೇಕಿತ್ತು ಆ ಮೂರು ವಾರ. ಹತ್ತು ತಿಂಗಳು ತಪ್ಪು ಹುಡುಕಿ ಹುಡುಕಿ ಗಂಟಿಕ್ಕಿದ್ದ ಹುಬ್ಬು ಸಡಿಲಾಗಿತ್ತು.

ಮೇಲಿನ ಹಲ್ಲು ಕೀಳಿಸಲು ಒಂದು ದಿನ ಉಳಿಯಿತು. ಮಧ್ಯಾಹ್ನ. ಹಿತ್ತಲಿನ ಬಿಸಿಲಿನಲ್ಲಿ ಸಾವಂತ್ರವ್ವ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಾಳೆ. ಕೈಗೆ ಕೆಲಸ, ಹಾಗಾಗಿ ಬಾಯಿ ಮೇಲೆ ಸೆರಗಿಲ್ಲ. ಆದರೆ ತುಟಿ ಬಿಗಿ. ಮುರಿಗೆಪ್ಪ ಕ್ಯಾಮೆರಾವನ್ನು ಕಣ್ಣಿಗೆ ಹಚ್ಚಿದರು. ಝೂಮ್ ಮುನ್ನೂರಕ್ಕೆ ನಿಂತಿತ್ತು. ಅಕ್ಕನ ಕಿವಿ ಮಾತ್ರ ಕಂಡಿತು. ಪಟ್ಟಿ ತಿರುವಬೇಕು, ಅಷ್ಟೇ. ಅದು ಬಿಟ್ಟು ಈ ಮಹಾನುಭಾವರು ಹಿಂದಕ್ಕೆ ಹೆಜ್ಜೆ ಇಟ್ಟರು. ಇನ್ನೂ ಕಿವಿ. ಇನ್ನೊಂದು ಹೆಜ್ಜೆ. ಈಗ ಅರ್ಧ ಗಲ್ಲ. ಇನ್ನೊಂದು.

"ರೀ! ಹಿಂದ ದೋಣಿ!" ಅಂತ ದಾನಮ್ಮ ಬಾಗಿಲಿನಿಂದ ಕೂಗಿದರು.

ಹಿತ್ತಲಿನಲ್ಲಿ ಕಲ್ಲಿನ ದೋಣಿ, ಹಿಂದೆ ದನಗಳಿಗೆ ನೀರು ಕುಡಿಸುತ್ತಿದ್ದದ್ದು, ಈಗ ಗಿಡಗಳಿಗೆ ನೀರು ತುಂಬಿಡುವುದು. ಕೂಗು ಕಿವಿಗೆ ಬೀಳುವುದಕ್ಕೂ ಮೊಣಕಾಲ ಹಿಂಬದಿ ಕಲ್ಲಿಗೆ ತಾಗುವುದಕ್ಕೂ ಸರಿಹೋಯಿತು. ಧಡ್! ಶೆಟ್ಟರು ದೋಣಿಯಲ್ಲಿ ಕುಳಿತರು. ಎದೆಯ ಮಟ ನೀರು. ಬಿಳಿ ಪಂಚೆ ಮೇಲೆ ತೇಲಿತು. ಎರಡೂ ಕೈ ಮಾತ್ರ ಆಕಾಶಕ್ಕೆ ಎದ್ದಿವೆ, ಕ್ಯಾಮೆರಾ ಒಂದು ಹನಿ ತಾಗದ ಹಾಗೆ ಅಲ್ಲಿ ಮೇಲಿದೆ.

ಸಾವಂತ್ರವ್ವ ನೋಡಿದಳು. ಒಂದು ಗಳಿಗೆ ಏನಾಯಿತೋ ಎಂಬ ಗಾಬರಿ. ತಮ್ಮ ಕಣ್ಣು ಪಿಳಿಪಿಳಿ ಬಿಡುತ್ತಾ ದೋಣಿಯಲ್ಲಿ ಕುಳಿತದ್ದನ್ನು ಕಂಡದ್ದೇ, ಮೊರ ಜಾರಿತು, ಅವರೆಕಾಳು ಅಂಗಳದ ತುಂಬ ಹರಡಿತು, ಎರಡೂ ಕೈಯಿಂದ ಚಪ್ಪಾಳೆ ತಟ್ಟಿ, ತಲೆ ಹಿಂದೆ ಚೆಲ್ಲಿ ನಕ್ಕಳು. ಓಣಿಗೆ ಕೇಳುವ ನಗು. ಬಾಗಿಲಲ್ಲಿ ದಾನಮ್ಮ ಚೌಕಟ್ಟು ಹಿಡಿದುಕೊಂಡು ನಗುತ್ತಾ ಕುಸಿದರು. ಎಷ್ಟೋ ದಿನದಿಂದ ಅಕ್ಕ ಒಳಗೆ ಒತ್ತಿಟ್ಟಿದ್ದೆಲ್ಲ ಹೊರಗೆ ಬಂತು. "ಅಯ್ಯ ನನ್ನ ಶಿವನ! ಮುರಿಗೀ! ಎಮ್ಮಿ ಕುಂತಂಗ ಕುಂತಿಯಲ್ಲೋ!"

ಮುರಿಗೆಪ್ಪನವರಿಗೆ ಆಗ ಬೆಳಕಿನ ಯೋಚನೆ ಬರಲಿಲ್ಲ. ಮಂಕು, ಭಾರ, ಮುಂದಿನ ವರ್ಷದ್ದು, ಯಾವುದೂ ನೆನಪಾಗಲಿಲ್ಲ. ಬೀಳುವಾಗ ಅಂಗೈ ಉಜ್ಜಿ ಪಟ್ಟಿ ತಾನೇ ಹದಿನೆಂಟಕ್ಕೆ ಬಂದಿತ್ತು. ಎತ್ತಿದ ಕೈಯಲ್ಲೇ, ಕಣ್ಣು ಹಚ್ಚದೆ, ಗುಂಡಿ ಒತ್ತಿದರು. ಒತ್ತುತ್ತಲೇ ಹೋದರು.

ಬಟ್ಟೆ ಬದಲಿಸಿ ಬಂದು ಅಕ್ಕನ ಪಕ್ಕ ಕುಳಿತು ಕ್ಯಾಮೆರಾದ ಹಿಂದಿನ ಪರದೆ ತೋರಿಸಿದರು. ಚಿತ್ರ ಓರೆಯಾಗಿತ್ತು. ಒಂದು ಮೂಲೆಯಲ್ಲಿ ದೋಣಿಯ ಅಂಚು, ಇನ್ನೊಂದರಲ್ಲಿ ಓಡುವ ಬೆಕ್ಕು. ನಡುವೆ, ಅಂಗಳದ ತುಂಬ ಚೆಲ್ಲಿದ ಹಸಿರು ಕಾಳಿನ ಮೇಲೆ, ನಗುವ ಸಾವಂತ್ರವ್ವ. ಮೇಲೆ ಹಲ್ಲು, ಕೆಳಗೆ ಬಯಲು.

ಅವಳು ಬಹಳ ಹೊತ್ತು ನೋಡಿದಳು. ತಮ್ಮನಿಗೆ ಹೆದರಿಕೆಯಾಯಿತು, ಬೈಯುತ್ತಾಳೇನೋ ಅಂತ.

"ಮುರಿಗಿ," ಅಂದಳು ಮೆಲ್ಲಗೆ. "ನಾ ನಕ್ಕರ ಅವ್ವನ ಹಂಗ ಕಾಣ್ತೇನಿ. ನನಗ ಗೊತ್ತಿರಲಿಲ್ಲ ನೋಡು."

ಅವರ ತಾಯಿಯ ಫೋಟೋ ಆ ಮನೆಯಲ್ಲಿ ಒಂದೂ ಇರಲಿಲ್ಲ. ಮೂರು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ ಮುರಿಗೆಪ್ಪನವರಿಗೆ ಆ ಮುಖದ ನೆನಪೇ ಇಲ್ಲ.

"ನೀ ಅವ್ವನ್ನ ನೋಡಿಲ್ಲಲ್ಲ," ಅಂದಳು ಅಕ್ಕ. ಪರದೆಯ ಮೇಲೆ ತನ್ನದೇ ಮುಖಕ್ಕೆ ಬೆರಳು ಇಟ್ಟಳು. "ನೋಡು. ಹಿಂಗ ಇದ್ಲು."

ಅರವತ್ತು ವರ್ಷಕ್ಕೆ ಒಬ್ಬ ಮಗ ತನ್ನ ತಾಯಿಯನ್ನು ನೋಡಿದ. ಈ ಸಲ ಮೂಗು ಒರೆಸಿಕೊಳ್ಳುವುದಕ್ಕೆ ಘಾಟಿನ ನೆಪ ಹೇಳಲಿಲ್ಲ ಅವರು.

ಮರುದಿನ ಮೇಲಿನ ಹಲ್ಲು ಹೋದವು. ಈಗ ಕಟ್ಟಿಸಿದ ಹಲ್ಲು ಹಾಕಿಕೊಂಡು ಸಾವಂತ್ರವ್ವ ಮೊದಲಿಗಿಂತ ಎರಡು ಪಟ್ಟು ಮಾತಾಡುತ್ತಾಳೆ, ಹಲ್ಲು ಒತ್ತುತ್ತದೆ ಅಂತ ಅದಕ್ಕೂ ಬೈಯುತ್ತಾಳೆ. ಆ ಓರೆ ಫೋಟೋ ಪಡಸಾಲೆಯಲ್ಲಿ, ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ತೂಗುತ್ತದೆ.

ಈಗ ನಿಮ್ಮ ಕಡೆ ಬರೋಣ. ಮುರಿಗೆಪ್ಪನವರನ್ನು ನೋಡಿ ಇಷ್ಟು ಹೊತ್ತು ನಕ್ಕಿರಿ. ನೀವು ಯಾವ ಲೆನ್ಸಿಗೆ ಕಾಯುತ್ತಿದ್ದೀರಿ? ನೋಡಿ ತಾಯಿ, ಹೊಸ ಮನೆಯ ಪೂಜೆಯ ಕೋಣೆ ಆದ ಮೇಲೆ ಧ್ಯಾನ ಶುರುಮಾಡುತ್ತೇನೆ ಎಂದು ನನಗೆ ಹೇಳಿ ಎಷ್ಟು ವರ್ಷವಾಯಿತು? ಶಿವನೇನು ಟೈಲ್ಸ್ ನೋಡಿ ಒಳಗೆ ಬರುತ್ತಾನೆಯೇ? ಅಣ್ಣನ ಜೊತೆ ಮಾತು ಬಿಟ್ಟವರು ಇದ್ದೀರಿ. ತಪ್ಪು ತಿಳಿದಿದೆ, ಮನಸ್ಸೂ ಇದೆ. ಸರಿಯಾದ ಸಂದರ್ಭ ಬರಲಿ ಅಂತ ಕಾಯುತ್ತೀರಿ. ಸೊಸೆಗೆ ಒಂದು ಒಳ್ಳೆಯ ಮಾತು ಹೇಳಬೇಕು ಅಂತ ಒಳಗೆ ಇದೆ. ಅವಳು ಇನ್ನೂ ಸ್ವಲ್ಪ ತಿದ್ದಿಕೊಳ್ಳಲಿ, ಆಮೇಲೆ ಹೇಳೋಣ ಅಂತ. ನಮ್ಮ ಕೈಯಲ್ಲಿ ಈಗ ಇರುವ ಮಾತು ತೊದಲು ಇರಬಹುದು, ಭಕ್ತಿ ಗಡಿಬಿಡಿಯದ್ದಾಗಿರಬಹುದು, ಮನಸ್ಸು ಪೂರ್ತಿ ಶುದ್ಧವಿಲ್ಲದಿರಬಹುದು. ಇರಲಿ. ಅದರಲ್ಲೇ ಮಾಡಿ. ನಾಳೆ ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲೇ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಸೊಸೆ ಚಹಾ ತಂದುಕೊಟ್ಟಾಗ, ಅದರಲ್ಲಿ ಸಕ್ಕರೆ ಕಡಿಮೆ ಇದ್ದರೂ, ಚೆನ್ನಾಗಿದೆಯವ್ವಾ ಅನ್ನಿ. ಮನೆಯಲ್ಲಿ ಹಿರಿಯರು ಏನಾದರೂ ಸಣ್ಣದು ಕೇಳಿದರೆ, ಆ ಗಳಿಗೆಯಲ್ಲೇ ಏಳಿ. ಸಣ್ಣದನ್ನು ದೊಡ್ಡದಾಗಿ ಮಾಡುತ್ತೇನೆ ಎಂದು ಮುಂದೂಡಬೇಡಿ. ಅವರು ಕೇಳಿದ್ದು ಸಣ್ಣದನ್ನೇ.

ಅಲ್ಲಿ ಹಿಂದೆ ಒಬ್ಬರು ಕೈ ಎತ್ತಿದ್ದಾರೆ. ಏನಪ್ಪಾ? ಏನು? "ಅಪ್ಪಾರ, ಕಡೀಕ ಅವರು ಯಾವ ಕಂಪನಿ ಲೆನ್ಸ್ ತಗೊಂಡ್ರು?"

ಇಷ್ಟೆಲ್ಲ ಹೇಳಿದ ಮೇಲೆ ಇವರ ಪ್ರಶ್ನೆ ನೋಡಿ! ನಗಬೇಡಿ, ನಗಬೇಡಿ. ನಾನೂ ಮುರಿಗೆಪ್ಪನವರಿಗೆ ಇದನ್ನೇ ಕೇಳಿದ್ದೆ. ಅವರು ತಲೆ ಕೆರೆದುಕೊಂಡು, "ನೆನಪಿಲ್ರೀ ಅಪ್ಪಾರ, ನೋಡಿ ಹೇಳ್ತೇನಿ" ಅಂದರು.

ಮಹಾಮಂಗಳಾರತಿಗೆ ಇನ್ನೂ ಹೊತ್ತಿದೆ. ನಿಮ್ಮೆಲ್ಲರ ಕಿಸೆಯಲ್ಲಿ ಫೋನ್ ಇದೆ, ಪ್ರವಚನದ ನಡುವೆ ಎರಡು ಸಲ ಗಂಟೆಯೂ ಬಾರಿಸಿದೆ. ಇಷ್ಟು ಹೊತ್ತು ನಾನು ಮಾತಾಡುವಾಗ ಯಾರದೋ ಒಂದು ಮುಖ ನಿಮ್ಮ ಕಣ್ಣ ಮುಂದೆ ಬಂದಿತಲ್ಲ? ಬಂದಿತು, ನಾನು ಇಲ್ಲಿಂದ ನೋಡಿದ್ದೇನೆ. ಎದ್ದು ಹೊರಗೆ ಹೋಗಿ ಅವರಿಗೆ ಒಂದು ಕರೆ ಮಾಡಿ. ಏನು ಮಾತಾಡುವುದು ಎಂದು ಯೋಚಿಸಬೇಡಿ. ಊಟ ಆಯಿತೇ ಎಂದು ಕೇಳಿದರೂ ಸಾಕು. ಪಕ್ಕದಲ್ಲೇ ಕುಳಿತಿದ್ದರೆ ಇನ್ನೂ ಒಳ್ಳೆಯದು, ಅವರ ಕಡೆ ತಿರುಗಿ. ಎಲ್ಲರೂ ಬರುವ ತನಕ ದೀಪ ಹಚ್ಚುವುದಿಲ್ಲ. ನಾನು ಇಲ್ಲೇ ಕುಳಿತಿರುತ್ತೇನೆ. ಏಳಿ.